ಹಳೆಯ ಮಶೀನು ಬಂದ್ ಮಾಡಿದ ಖಂಡೇಪೂಜೆ

ಆಗ ನನಗೆ ಅರವತ್ತೇಳು. ಎರಡು ವರ್ಷದ ಹಿಂದಿನ ಮಾತು.

ಮಚ್ಛೆಯಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಕಬ್ಬಿಣ ಕಾಯಿಸಿ ರಸ ಮಾಡಿ, ಉಸುಕಿನ ಸಾಚಾಗಳಲ್ಲಿ, ಅಂದರೆ ಅಚ್ಚುಗಳಲ್ಲಿ, ಸುರಿದು, ಟ್ರ್ಯಾಕ್ಟರ್ ಟ್ರೇಲರಿನ ಗಾಲಿಗೆ ಕೂಡಿಸುವ ಡ್ರಮ್ಮು ಮಾಡುತ್ತೇವೆ. ಗಂಡ ಸತ್ತ ಮೇಲೆ ಬಹಳ ವರ್ಷ ನಾನೇ ನಡೆಸಿದೆ. ಈಗ ಮಗ ಊರೂರು ತಿರುಗಿ ಗಿರಾಕಿ ನೋಡುತ್ತಾನೆ, ಸೊಸೆ ಆಫೀಸು ನೋಡುತ್ತಾಳೆ, ನಾನು ಇಬ್ಬರನ್ನೂ ನೋಡುತ್ತೇನೆ. ಅವರು ಬೆಳಗಾವಿಯಲ್ಲಿ ಇರುತ್ತಾರೆ. ನನ್ನ ಮನೆ ಖಾನಾಪುರದಲ್ಲಿ. ಬೆಳಿಗ್ಗೆ ಬೆಳಗಾವಿ ಬಸ್ಸು ಹತ್ತಿ ನಡುವೆ ಮಚ್ಛೆಯಲ್ಲಿ ಇಳಿಯುತ್ತೇನೆ. ಕಲಿತದ್ದು ಮೂರನೇ ಇಯತ್ತೆ. ಬೋರ್ಡು ಓದುತ್ತೇನೆ, ಸಹಿ ಮಾಡುತ್ತೇನೆ, ಬೈಯುವುದಕ್ಕೆ ಅಕ್ಷರ ಬೇಕಾಗಿಲ್ಲ.

ಮೊದಲು ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ಸಲ ಭಟ್ಟಿ ಕಾಯಿಸಿ ಸುರಿದದ್ದಕ್ಕೆ ನಮ್ಮಲ್ಲಿ ಒಂದು ಹೀಟ್ ಎನ್ನುತ್ತಾರೆ. ಒಂದು ಹೀಟಿನ ರಸ ಕೆಟ್ಟಿತ್ತೆಂದರೆ ಅದರಿಂದ ಆದ ಡ್ರಮ್ಮುಗಳೆಲ್ಲ ಕೆಟ್ಟವು ಎಂದೇ ತಿಳಿಯಬೇಕು. ಆದರೆ ಡ್ರಮ್ಮಿನ ಮೇಲೆ ಎದ್ದು ಬರುವ ನಂಬರು ಹೀಟಿನದಲ್ಲ, ಸಾಚಾದ್ದು. ಸಾಚಾಗಳನ್ನು ಮುಂಚೆಯೇ ಮಾಡಿಟ್ಟಿರುತ್ತಾರೆ, ಕೈಗೆ ಸಿಕ್ಕ ಕ್ರಮದಲ್ಲಿ ಸುರಿಯುತ್ತಾರೆ. ಯಾವ ಸಾಚಾ ಯಾವ ಹೀಟಿನ ರಸ ಕುಡಿಯಿತು, ಆ ಡ್ರಮ್ಮು ಯಾರಿಗೆ ಹೋಯಿತು, ಇದೆಲ್ಲ ತಿಳಿಯುವುದು ಸೊಸೆ ಮಾಡಿದ ಅಪ್ಲಿಕೇಶನ್ನಿನಲ್ಲಿ ಮಾತ್ರ. ಅವಳು ಕಂಪ್ಯೂಟರ್ ಕಲಿತವಳು. ಮದುವೆಯಾಗಿ ಬಂದ ಹೊಸದರಲ್ಲಿ ತಾನೇ ಕುಳಿತು ಮಾಡಿದಳು. ಅದು ಆಫೀಸಿನ ಟೇಬಲ್ಲಿನ ಕೆಳಗಿದ್ದ ಒಂದು ಕಂಪ್ಯೂಟರಿನಲ್ಲಿ ಹಗಲೂ ರಾತ್ರಿ ಓಡುತ್ತಿತ್ತು. ನಮ್ಮ ಹುಡುಗರು ರಸ ಸುರಿದ ಕೂಡಲೇ ಮೊಬೈಲಿನಲ್ಲಿ ನಂಬರು ಒತ್ತುತ್ತಿದ್ದರು, ಅದು ಹೋಗಿ ಅಲ್ಲಿ ಕೂಡುತ್ತಿತ್ತು.

ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿಯವರಿಗೆ ಆ ಟೇಬಲ್ಲಿನ ಕೆಳಗಿನದು ಸರಿ ಬರಲಿಲ್ಲ. ಮಳೆಗಾಲದಲ್ಲಿ ಒಮ್ಮೆ ಕರೆಂಟು ಹೋಗಿ ಇಡೀ ದಿನ ಅವರಿಗೆ ಏನೂ ಕಾಣಲಿಲ್ಲ. ದಸರೆ ಕಳೆದ ಮೇಲೆ ಹೀಗೆ ನಡೆಯುವುದಿಲ್ಲ ಎಂದರು. ಮಚ್ಛೆಯ ಸಣ್ಣ ಫೌಂಡ್ರಿಯವರೆಲ್ಲ ಸೇರಿ ಒಂದು ಕಟ್ಟಡದಲ್ಲಿ ನಾಲ್ಕಾರು ದೊಡ್ಡ ಕಂಪ್ಯೂಟರು ಇಟ್ಟಿದ್ದಾರೆ. ನಮ್ಮ ಅಪ್ಲಿಕೇಶನ್ನನ್ನು ಅಲ್ಲಿಗೆ ಒಯ್ಯಬೇಕು.

"ಒಯ್ಯೂದಂದ್ರ ಏನ? ಆ ಡಬ್ಬಾ ಹೊತ್ಕೊಂಡು ಹೋಗಿ ಅಲ್ಲಿ ಇಟ್ಟ ಬರೂದು, ಅಷ್ಟ ಹೌದಿಲ್ಲ?" ಎಂದೆ.

"ಅಲ್ರಿ ಅತ್ಯಾರ," ಎಂದಳು ಸೊಸೆ. "ದೂರ ಊರಿಗೆ ಹೋಗಾವ್ರಿಗೆ ಬುತ್ತಿ ಗಂಟ ಕಟ್ಟತೀರಲ್ಲ, ಹಂಗ. ಅಪ್ಲಿಕೇಶನ್ನು, ಅದಕ್ಕ ಬೇಕಾದ್ದು ಎಲ್ಲಾ, ಒಂದು ಕಂಟೇನರಿನ್ಯಾಗ ಕಟ್ಟಬೇಕು. ಅದು ಎಲ್ಲಿ ಬಿಚ್ಚಿದ್ರೂ ನಡೀಬೇಕು, ಯಾರ ಹತ್ರಾನೂ ಉಪ್ಪ ಕೇಳೂ ಹಂಗಿರಬಾರದು."

"ಅಲ್ಲಿ ನೋಡಾವ್ರು ಯಾರು?"

"ಅಲ್ಲೊಬ್ಬ ಮುಕಾದಮ್ ಅದಾನ್ರಿ. ಮನಿಶ್ಯಾ ಅಲ್ಲ, ಅದೂ ಸಾಫ್ಟ್‌ವೇರ್. ಕಬ್ಬು ಕಡಿಯೂ ಗ್ಯಾಂಗಿಗೆ ಕೆಲಸ ಹಚ್ಚೂ ಮುಕಾದಮ್ ಇದ್ದಂಗ. ಯಾವ ಗಂಟು ಯಾವ ಮಶೀನಿನ ಮ್ಯಾಲ ಓಡಬೇಕು ಅಂತ ಅವನ ಹಚ್ಚತಾನ. ಒಂದು ಸತ್ರ ಇನ್ನೊಂದ ಎಬ್ಬಸ್ತಾನ. ಗಳಿಗಿಗೊಮ್ಮೆ ಬಂದು ಅರಾಮ್ ಅದಿಯಿಲ್ಲೋ ಅಂತ ಕೇಳ್ತಾನ, ಜವಾಬ್ ಬರ್ಲಿಲ್ಲಂದ್ರ ಕೊಂದು ಹೊಸಾದು ನಿಂದ್ರಸ್ತಾನ."

"ಒಳ್ಳೆ ಮುಕಾದಮ್. ನಮ್ಮಲ್ಲಿಗೂ ಒಬ್ಬನ್ನ ಕರಸು," ಎಂದೆ.

ನಗಲಿಲ್ಲ ಅವಳು. ನಗುವ ಹೊತ್ತೂ ಅಲ್ಲ. ಆ ಕಂಪನಿಯ ಆರ್ಡರು ಹೋದರೆ ಭಟ್ಟಿಗೆ ಬೆಂಕಿ ಹಾಕುವುದೇ ಬೇಡ. ಶ್ರಾವಣ ಮುಗಿದಾಗ ಕಟ್ಟಲು ಕುಳಿತವಳು ಗಣಪತಿ ಕಳಿಸಿದರೂ ಮುಗಿಸಲಿಲ್ಲ. ಕಟ್ಟುವಳು, ಅಲ್ಲಿಗೆ ಕಳಿಸುವಳು, ಅದು ಬೀಳುವುದು. ಒಮ್ಮೆ ಏನೋ ಫಾಂಟು ಒಳಗೆ ಕಟ್ಟಿರಲಿಲ್ಲ, ಕನ್ನಡ ಅಕ್ಷರವೆಲ್ಲ ಚೌಕ ಚೌಕ ಬಂದವು. ಒಮ್ಮೆ ಗಡಿಯಾರ ಬೇರೆ ದೇಶದ್ದಾಗಿ, ಬೆಳಗಿನ ಹೀಟು ನಡುರಾತ್ರಿಯದೆಂದು ತೋರಿಸಿತು. ನಾನು ಬಾಗಿಲಲ್ಲಿ ನಿಂತು "ಮುಗೀತೇನ?" ಎಂದು ಕೇಳುವೆ. ಅವಳು ತಲೆ ಎತ್ತದೆ "ಇಲ್ರಿ" ಎನ್ನುವಳು. ಊಟ ಮಾಡು ಎಂದು ನಾನು ಹೇಳಲಿಲ್ಲ. ಹಸಿವಾದರೆ ತಾನೇ ತಿನ್ನುತ್ತಾಳೆ.

ಮಹಾನವಮಿಗೆ ಒಂದು ವಾರ ಇರುವಾಗ ಮುಗಿಯಿತು. ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಅಲ್ಲಿಗೆ ನಕಲು ಮಾಡಿದಳು. ಗಂಟು ಅಲ್ಲಿ ಓಡಿತು. ಹುಡುಗರು ಒತ್ತಿದ ನಂಬರು ಹೊಸದರಲ್ಲಿ ಕಾಣಿಸಿತು. ಕಂಪನಿಯವರೂ ನೋಡಿ ಸರಿ ಎಂದರು. ಅಂದು ಸೊಸೆ ಟೇಬಲ್ಲಿನ ಮೇಲೆ ತಲೆ ಇಟ್ಟು ನಿದ್ದೆ ಮಾಡಿದಳು.

ಆಗ ನಾನು ಖಂಡೇಪೂಜೆಯ ಮಾತು ತೆಗೆದೆ.

ಮಹಾನವಮಿಯ ಆಯುಧಪೂಜೆಗೆ ನಮ್ಮಲ್ಲಿ ಖಂಡೇಪೂಜೆ ಎನ್ನುತ್ತಾರೆ, ಆ ದಿನ ಒಂದು ಮಶೀನೂ ಓಡಕೂಡದು. ಭಟ್ಟಿ ಆರಿಸುತ್ತೇವೆ, ಉಸುಕಿನ ಮಶೀನು ಒರೆಸುತ್ತೇವೆ, ಸುತ್ತಿಗೆ, ಪಾನಾ, ಸ್ಕ್ರೂಡ್ರೈವರು ಎಲ್ಲ ತೊಳೆದು ಒಂದೇ ಕಡೆ ಸಾಲಾಗಿ ಇಟ್ಟು, ವಿಭೂತಿ ಬಳಿದು ಚೆಂಡು ಹೂ ಏರಿಸುತ್ತೇವೆ. ಮರುದಿನ ದಸರೆಯ ಪೂಜೆ ಆಗುವವರೆಗೂ ಅವನ್ನು ಯಾರೂ ಮುಟ್ಟುವುದಿಲ್ಲ. ಇದು ದೇವರಿಗಾಗಿ ಎಂದು ಹುಡುಗರು ತಿಳಿದಿದ್ದಾರೆ. ನನಗೆ ಗೊತ್ತಿರುವುದು ಇಷ್ಟೇ: ಒಂದು ಮಶೀನು ಚಾಲೂ ಇದ್ದರೆ ಅದರ ಜೊತೆ ಒಬ್ಬ ಮನುಷ್ಯನೂ ಬರಬೇಕು, ಆಮೇಲೆ ಯಾರಿಗೂ ರಜೆ ಉಳಿಯುವುದಿಲ್ಲ. ಸೊಸೆಯ ಟೇಬಲ್ಲಿನ ಕೆಳಗಿನದೊಂದು ಮಾತ್ರ ಪ್ರತಿ ವರ್ಷ ತಪ್ಪಿಸಿಕೊಳ್ಳುತ್ತಿತ್ತು. ಗುಂಯ್ ಎನ್ನುತ್ತಲೇ ಹೂ ಏರಿಸಿಕೊಳ್ಳುತ್ತಿತ್ತು.

"ಈ ವರ್ಷ ಅದೂ ಬಂದ್," ಎಂದೆ.

"ಅತ್ಯಾರ, ಅದನ್ನ ನಾ ಸುರು ಮಾಡಿದಾಗಿಂದ ಒಮ್ಮೇನೂ ಪೂರಾ ಬಂದ್ ಮಾಡಿಲ್ರಿ. ಕರೆಂಟ್ ಹೋದಾಗ ಬಿದ್ದೇತಿ, ಮತ್ತ ಕರೆಂಟ್ ಬಂದ ಕೂಡ್ಲೆ ಎದ್ದೇತಿ. ಒಂದು ರಾತ್ರಿ ಪೂರಾ ತಣ್ಣಗಾದದ್ದ ಇಲ್ಲ."

"ಕೆಲಸ ಎಲ್ಲಾ ಹೊಸಾದಕ್ಕ ಹೋತು ಅಂದಿ."

"ಹೋಗೇತ್ರಿ."

"ಹಂಗಾರ ಇದು ಯಾಕ ಗುಂಯ್ ಅನ್ನಾಕತ್ತೇತಿ? ಯಾರಿಗೆ ದುಡಿಯಾಕತ್ತೇತಿ?"

ಅವಳು ನನ್ನ ಮುಖ ನೋಡಿದಳು, ಟೇಬಲ್ಲಿನ ಕೆಳಗೆ ನೋಡಿದಳು.

"ಆತ್ರಿ. ಬಂದ್ ಮಾಡೂಣು," ಎಂದಳು.

ಖಂಡೇಪೂಜೆಯ ಹಿಂದಿನ ಸಂಜೆ ಅವಳೇ ಅದನ್ನು ಕ್ರಮವಾಗಿ ಆರಿಸಿ ಮನೆಗೆ ಹೋದಳು. ವಯರು ಕಿತ್ತದ್ದು ನಾನು. ಆಫೀಸು ಅಷ್ಟು ಸುಮ್ಮನಿದ್ದದ್ದನ್ನು ನಾನು ಕೇಳಿರಲೇ ಇಲ್ಲ.

ಪೂಜೆಯ ದಿನ ಎಲ್ಲರೂ ಹೆಂಡತಿ ಮಕ್ಕಳೊಂದಿಗೆ ಬಂದರು. ಮಗ ಮಾತ್ರ ಕೊಲ್ಹಾಪುರದಲ್ಲಿ ಉಳಿದಿದ್ದ. ಹಳೆಯ ಕಂಪ್ಯೂಟರಿಗೆ, ಬಿಲ್ಲು ಮಾಡುವ ಇನ್ನೊಂದು ಕಂಪ್ಯೂಟರಿಗೆ, ಸೊಸೆಯ ಲ್ಯಾಪ್‌ಟಾಪಿಗೆ ಮೂರಕ್ಕೂ ವಿಭೂತಿ ಬಳಿದೆ. ಆ ದೊಡ್ಡ ಕಟ್ಟಡದಲ್ಲಿ ಮಾತ್ರ ಬಂದ್ ಮಾಡುವುದಿಲ್ಲವಂತೆ, ದೂರದಿಂದ ಹೂ ತೋರಿಸಿ ಬಾಗಿಲು ಹಾಕುತ್ತಾರಂತೆ. ಕಾಯಿ ಒಡೆದೆವು. ಹೋಳಿಗೆ, ಕಟ್ಟಿನ ಸಾರು. ಪಂಕ್ತಿಯಲ್ಲಿ ಎರಡನೇ ಸಲ ಬಡಿಸುವಾಗ ಸೊಸೆಯ ಫೋನು ಬಡಿದುಕೊಂಡಿತು.

ಆ ಕಂಪನಿಯಲ್ಲಿ ಮಾಲು ತಪಾಸಣೆ ಮಾಡುವ ಸಾಹೇಬ. ಧಾರವಾಡ ಕಡೆಯವನು, ಮೊದಲೇ ಪರಿಚಯ. ಸೊಸೆ ಎಡಗೈಯಲ್ಲಿ ಫೋನು ಹಿಡಿದು ಕೇಳುತ್ತ ಹೋದಂತೆ ಅವಳ ಬಲಗೈ ಎಲೆಯ ಮೇಲೆ ಹಾಗೇ ನಿಂತಿತು. ನನಗೂ ಕೇಳಲಿ ಎಂದು ಸ್ಪೀಕರು ಹಾಕಿದಳು.

"ನಿಮ್ಮ ಡ್ರಮ್ಮ ಒಂದು ಸೀಳೇತ್ರಿ ಅಕ್ಕಾರ. ಟ್ರೇಲರಿನ ಗಾಲಿನ ಕಳಚಿ ಹೋಗೇತಿ. ಖಾಲಿ ಇತ್ತು, ಪುಣ್ಯಾ. ಬಾಜೂ ನಿಂತಾವ ಹಾರಿ ಉಳದಾನ. ನಾಳೆ ದಸರಾ, ಮುಹೂರ್ತ ಅಂತ ಎಲ್ಲಾ ಕಡೆ ಕಬ್ಬು ಹೇರಾಕ ಸುರು ಮಾಡತಾರ. ಈ ನಂಬರ್ ಯಾವ ಹೀಟಿಂದು, ಅದರ ಬಾಕಿ ಡ್ರಮ್ಮ ಎಲ್ಲೆಲ್ಲಿ ಹೋಗ್ಯಾವ, ಈಗಿಂದೀಗ ಬೇಕು. ನಿಮ್ಮ ಹೊಸಾದ್ರಾಗ ಹುಡಕಾಕತ್ತೇನಿ, ಅದು ತೆರ್ಯಾಂಗ ಇಲ್ಲ."

"ತೆರ್ಯಾಂಗಿಲ್ಲ ಅಂದ್ರ?"

"ನನಗೇನ್ ಗೊತ್ರಿ! ನಿನ್ನೆ ಸಂಜೀತನಾ ಇತ್ತು."

ಸೊಸೆ ಎದ್ದಳು. ಕೈ ಕೂಡ ತೊಳೆಯಲಿಲ್ಲ, ಸೀರೆಗೆ ಒರೆಸಿಕೊಂಡಳು. ಪೂಜೆಯ ಮುಂದೆ ನಿಂತು ನನ್ನತ್ತ ತಿರುಗಿದಳು. "ಅತ್ಯಾರ, ಲ್ಯಾಪ್‌ಟಾಪ್ ತಗೋಬೇಕಾಗೇತ್ರಿ."

"ತಗೋ."

ನಮ್ಮ ಭಟ್ಟಿಯ ಮಿಸ್ತ್ರಿ ಖಾನಾಪುರ ಕಡೆಯ ಮರಾಠಿ ಮನುಷ್ಯ, ಗಂಡನ ಕಾಲದಿಂದ ಇದ್ದಾನೆ. ಕೈಯಲ್ಲಿ ತುತ್ತು ಹಿಡಿದುಕೊಂಡೇ ಕೂಗಿದ. "ಅಹೋ ಆಯಿ! ಪೂಜಾದ್ದು! ನಾಳಿತನಾ ಹಾತ್ ಹಚ್ಚೂ ಹಂಗ ನಾಹೀ!"

"ನೀ ಉಣ್ಣು," ಎಂದೆ.

ಅವಳು ಲ್ಯಾಪ್‌ಟಾಪಿನ ಮೇಲಿನ ಹೂ ಪಕ್ಕಕ್ಕೆ ಸರಿಸಿ ಅಲ್ಲೇ ನೆಲದ ಮೇಲೆ ಕುಳಿತಳು. ನಾನು ಹಿಂದೆ ನಿಂತೆ. ಇಂಗ್ಲಿಷು ಸಾಲುಗಳು ಕೆಳಗಿನಿಂದ ಮೇಲೆ ಹೋಗುತ್ತಿದ್ದವು. ಒಂದು ಕೆಂಪು ಸಾಲು ಮತ್ತೆ ಮತ್ತೆ ಬರುತ್ತಿತ್ತು. ಓದಲು ಬಾರದಿದ್ದರೂ ಅದೇ ಸಾಲು ಎಂದು ನನಗೂ ತಿಳಿಯಿತು.

"ಏನಾಗೇತಿ?"

"ಏಳತೈತಿ, ಸಾಯತೈತಿ. ಮುಕಾದಮ್ ಎಬ್ಬಸ್ತಾನ, ಇದು ಜವಾಬ್ ಕೊಡಾಂಗಿಲ್ಲ, ಅವ ಕೊಲ್ತಾನ, ಮತ್ತ ಎಬ್ಬಸ್ತಾನ. ನಿನ್ನೆ ಸಂಜೀಯಿಂದ ಹಿಂಗ ನಡದೇತಿ."

"ನಿನ್ನೆ ಸಂಜೀ ಏನಾತು?"

ಅವಳು ಆ ಕೆಂಪು ಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿ ನಾಲ್ಕು ಸಂಖ್ಯೆ, ನಡುನಡುವೆ ಚುಕ್ಕೆ. ಆಮೇಲೆ ತಿರುಗಿ, ಚೆಂಡು ಹೂ ಹೊತ್ತು ಕುಳಿತಿದ್ದ ಹಳೆಯ ಕಂಪ್ಯೂಟರನ್ನು ನೋಡಿದಳು. ಅವಳ ಮುಖ ಉಸುಕಿನಂತಾಯಿತು.

"ಇದು ಆ ಮಶೀನಿನ ವಿಳಾಸರಿ ಅತ್ಯಾರ. ಗಂಟ ಕಟ್ಟುವಾಗ ಹಳೇ ವಿಳಾಸ ಒಳಗ ಉಳದೇತಿ. ಅಪ್ಲಿಕೇಶನ್ ಅಲ್ಲಿ ಓಡಾಕತ್ತಿತ್ತು, ಖರೇ. ಆದ್ರ ಹುಡುಗರು ಒತ್ತಿದ್ದೆಲ್ಲಾ ಮತ್ತ ಇಲ್ಲೇ ಬಂದು ಕೂಡಾಕತ್ತಿತ್ತು, ಹುಡುಕಿದ್ರೂ ಇಲ್ಲಿಂದನ ತಂದು ತೋರಸಾಕತ್ತಿತ್ತು. ಇದು ಚಾಲೂ ಇತ್ತಲ್ಲ, ಯಾರಿಗೂ ತಿಳೀಲಿಲ್ಲ."

"ಅಲ್ಲೊಂದು ನಕಲ ಮಾಡಿ ಇಟ್ಟಿದ್ದಿ."

"ಅದು ವಾರದ ಹಿಂದಿಂದು. ಈ ಡ್ರಮ್ಮ ನಕಲ ಮಾಡಿದ ಮ್ಯಾಲ ಸುರಿದದ್ದು. ಅದರಾಗ ಇದು ಇಲ್ಲ."

ಮಿಸ್ತ್ರಿಯನ್ನು ಕೇಳಿದೆ, ಈ ಸಾಚಾ ಯಾವಾಗ ಸುರಿದದ್ದು ನೆನಪಿದೆಯೇ ಎಂದು. ಅವನು ಕಣ್ಣು ಮುಚ್ಚಿ, ತೆರೆದು, ತಲೆ ಕೆರೆದುಕೊಂಡ. "ಆಯಿ, ದಸರಾ ಘಾಯೀ ಗಡಬಡಿ ಇತ್ತು. ಕೊಂಚ ಅಡ್ಡಾತಿಡ್ಡಾ ಸುರದೇವಿ. ಯಾವ ಸಾಚಾಕ್ಕ ಯಾವ ಹೀಟು, ದೇವರಿಗೇ ಗೊತ್ತು."

ದೇವರಿಗೆ ಗೊತ್ತಿದ್ದರೆ ಫೋನು ಮಾಡಿ ಹೇಳುತ್ತಿದ್ದ.

ಸೊಸೆ ಹಳೆಯ ಮಶೀನಿನ ವಯರು ಹಚ್ಚಿ ಬಟನ್ನು ಒತ್ತಿದಳು. ಸದ್ದಿಲ್ಲ, ದೀಪವಿಲ್ಲ. ಇನ್ನೊಮ್ಮೆ ಒತ್ತಿದಳು. ಬೇರೆ ಪ್ಲಗ್ಗಿಗೆ ಹಾಕಿದಳು. ಹೆಣದ ಹಾಗೆ ಬಿದ್ದುಕೊಂಡಿತ್ತು, ಹಣೆಯ ಮೇಲೆ ನಾನು ಬಳಿದ ವಿಭೂತಿ ಬೇರೆ. ನಮ್ಮ ಹೆಂಗಸರಲ್ಲಿ ಯಾರೋ "ಯವ್ವಾ, ಪೂಜಾ ಮುರದ್ರಲ್ಲ, ಅದಕ್ಕ" ಎಂದಳು. ಅವಳಿಗೆ ಇನ್ನೊಂದು ಹೋಳಿಗೆ ಹಾಕಿರೆಂದು ಹೇಳಿದೆ, ಬಾಯಿ ತುಂಬಿರಲಿ ಎಂದು.

"ಒಳಗ ಕರೆಂಟ್ ಹಂಚೂದು ಒಂದು ಪೆಟಗಿ ಇರತೈತ್ರಿ. ಅದು ಸತ್ತೇತಿ," ಎಂದಳು ಸೊಸೆ. "ವರ್ಷಗಟ್ಲೆ ಬಿಸಿ ಇದ್ದದ್ದು, ರಾತ್ರಿ ತಣ್ಣಗಾಗಿ ಮತ್ತ ಏಳವಲ್ದು. ಬಿಲ್ಲಿನ ಕಂಪ್ಯೂಟರಿಂದು ಬಿಚ್ಚಿ ಇದಕ್ಕ ಹಾಕಬೇಕು. ಆದ್ರ ಸ್ಕ್ರೂಡ್ರೈವರ್…"

ಎಲ್ಲರೂ ಪೂಜೆಯ ಸಾಲಿನತ್ತ ನೋಡಿದರು. ಇದ್ದ ಸ್ಕ್ರೂಡ್ರೈವರುಗಳೆಲ್ಲ ಅಲ್ಲಿದ್ದವು. ಊರಿನಲ್ಲಿ ಒಂದು ಅಂಗಡಿ ತೆರೆದಿರುವುದಿಲ್ಲ, ತೆರೆದಿದ್ದರೂ ಆ ದಿನ ಯಾರೂ ಹತಾರ ಕೈಗೆ ಕೊಡುವುದಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಭಟ್ಟಿಯ ಬಾಯಿಗೆ ಹೋಗಿ ನಿಲ್ಲುವವರು, ಒಂದು ಸ್ಕ್ರೂಡ್ರೈವರಿಗೆ ಹೆದರಿದರು.

ನಾನು ಹೋಗಿ ಒಂದನ್ನು ಎತ್ತಿದೆ. ವಿಭೂತಿ ಸೆರಗಿಗೆ ಒರೆಸಿ ಸೊಸೆಗೆ ಕೊಟ್ಟೆ.

"ಆಯಿ…" ಎಂದ ಮಿಸ್ತ್ರಿ.

"ಪಾಪ ನನಗ ಬರ್ಲಿ. ನೀ ಬಂದು ಆ ಪೆಟಗಿ ಹಿಡಿ."

ಬಂದು ಹಿಡಿದ.

ಬಿಲ್ಲಿನ ಕಂಪ್ಯೂಟರಿನ ಕರೆಂಟಿನ ಪೆಟ್ಟಿಗೆ ಹಳೆಯದರ ಹೊಟ್ಟೆಯಲ್ಲಿ ಸರಿಯಾಗಿ ಕೂಡಲಿಲ್ಲ. ಹೊರಗೆ ಜೋತು ಬಿಟ್ಟು, ಕೆಳಗೆ ಒಂದು ಇಟ್ಟಿಗೆ ಕೊಟ್ಟರು. ಬಟನ್ನು ಒತ್ತಿದಳು. ಫ್ಯಾನು ತಿರುಗಿತು. ಆಮೇಲೆ ಒಳಗಿಂದ ಟಕ್, ಟಕ್ ಎಂದು ಒಂದು ಸದ್ದು ಸುರುವಾಯಿತು. ಹಿಂದೆ ಆ ಸದ್ದು ಇರಲಿಲ್ಲ.

"ಇದು ಡಿಸ್ಕಿನ ಸಪ್ಪಳರಿ," ಎಂದಳು ಸಣ್ಣ ದನಿಯಲ್ಲಿ. "ಎಲ್ಲಾ ಇರೂದು ಅದರಾಗ. ಬಹಳ ಹೊತ್ತು ಬಾಳಾಂಗಿಲ್ಲ."

ಲ್ಯಾಪ್‌ಟಾಪಿನಲ್ಲಿ ಕೆಂಪು ಸಾಲು ನಿಂತುಹೋಗಿತ್ತು. ಹಳೆಯದು ಏಳುತ್ತಲೇ ಹೊಸದೂ ಎದ್ದು ನಿಂತಿತ್ತು, ಏನೂ ಆಗಿಲ್ಲ ಎಂಬಂತೆ. ಅದನ್ನು ನೋಡಿ ನನಗೆ ಸಿಟ್ಟೇ ಬಂತು. ಸಾಹೇಬ ಫೋನು ಇಟ್ಟಿರಲಿಲ್ಲ, ಅಲ್ಲೇ ಕೂತು ನೋಡುತ್ತಿದ್ದ.

"ಹಾಂ, ಬಂತು ಬಂತು! ಹುಡುಕ್ರಿ ಅಕ್ಕಾರ, ಲಗೂನ ಹೀಟ್ ನಂಬರ್ ಹೇಳ್ರಿ."

"ಇಲ್ರಿ ಸರ್. ನೀವೂ ಹುಡುಕಬ್ಯಾಡ್ರಿ, ಅದನ್ನ ಮುಟ್ಟಬ್ಯಾಡ್ರಿ. ಮೊದಲ ಎಲ್ಲಾ ನಕಲ ಮಾಡ್ಕೋತೇನಿ. ಹುಡುಕುವಾಗ ಡಿಸ್ಕ್ ಹೋತಂದ್ರ ಒಂದು ಹೀಟ್ ಅಲ್ಲ, ಒಂದೂ ಸಿಗಾಂಗಿಲ್ಲ."

"ನಾಳೆ ಮುಂಜಾನೆ ಟ್ರೇಲರ್ ಹೇರತಾರ್ರೀ! ನಕಲ ಮಾಡ್ಕೋತ ಕುಂದರ್ತೀರೇನು? ಒಂದು ನಂಬರ್ ಹೇಳಾಕ ಎಷ್ಟು ಹೊತ್ತು?"

ಸೊಸೆ ನನ್ನತ್ತ ನೋಡಿದಳು. ಅವನು ಹೇಳುವುದೂ ಸರಿ ಇತ್ತು. ಮೊದಲು ಹುಡುಕಿದರೆ ಆ ಹೀಟು ಸಿಕ್ಕೀತು, ಸಿಗದೆಯೂ ಹೋದೀತು. ಇಬ್ಬರಲ್ಲಿ ಒಬ್ಬರ ಮಾತು ಕೇಳಬೇಕು. ಈ ಮಶೀನಿನ ಒಳಗನ್ನು ಬಲ್ಲವಳು ಇಲ್ಲಿ ನೆಲದ ಮೇಲೆ ಕುಳಿತಿದ್ದಳು. ಫೋನು ಇಸಿದುಕೊಂಡೆ.

"ಸಾಹೇಬ್ರ, ನಾ ಇಕಿ ಅತ್ತಿ ಮಾತಾಡಾಕತ್ತೇನಿ. ಊಟ ಆತೇನು?"

"ಊಟ? ಏನ್ ಊಟರಿ ಅಮ್ಮಾರ—"

"ಆಗಿಲ್ಲಂದ್ರ ಮಾಡ್ರಿ. ಆಕಿ ಕೆಲಸ ಆಕಿ ಮಾಡಾಕತ್ತಾಳ. ಮುಗಿದ ಕೂಡ್ಲೆ ಫೋನ್ ಹಚ್ಚತೇವಿ. ನಡಬರಕ ಮತ್ತೊಮ್ಮೆ ಹಚ್ಚೀರಂದ್ರ ನಾ ಎತ್ತತೇನಿ, ನಾ ಎತ್ತಿದ್ರ ನಿಮಗ ಬ್ಯಾಸರಾಗತೈತಿ."

ಇಟ್ಟೆ. ಹಿಂದೆ ಯಾರೋ ನಕ್ಕರು, ಬೇಗ ನಿಲ್ಲಿಸಿದರು.

ಆಮೇಲೆ ಕಾಯುವುದು. ಪರದೆಯ ಮೇಲೆ ಒಂದು ಪಟ್ಟಿ, ಇರುವೆ ಹರಿದಂತೆ ಹರಿಯುತ್ತಿತ್ತು. ಪೆಟ್ಟಿಗೆಯ ಒಳಗೆ ಟಕ್, ಟಕ್. ಒಮ್ಮೆ ಸದ್ದು ನಿಂತಿತು, ಪಟ್ಟಿಯೂ ನಿಂತಿತು. ಮಿಸ್ತ್ರಿ ಜೋತುಬಿದ್ದ ಪೆಟ್ಟಿಗೆಗೆ ಕೈ ಕೊಟ್ಟು ಹಾಗೇ ಕುಕ್ಕರಗಾಲಿನಲ್ಲಿ ಇದ್ದ, ಅಲುಗಲಿಲ್ಲ. ಮಕ್ಕಳನ್ನು ಹೊರಗೆ ಓಡಿಸಿದೆ, ಟೇಬಲ್ಲಿಗೆ ತಾಗುತ್ತವೆಂದು. ಮತ್ತೆ ಟಕ್ ಎಂದಿತು. ಪಟ್ಟಿ ಮುಂದೆ ಸರಿಯಿತು. ನಾನು ಮೂರು ಹೆತ್ತವಳು, ಒಂದು ಹೆಣ ಕಾದವಳು. ಅಷ್ಟು ಕಾದದ್ದು ಅವತ್ತೇ.

ಪಟ್ಟಿ ಕೊನೆ ಮುಟ್ಟಿತು. ಸೊಸೆ ಕಣ್ಣು ಒರೆಸಿಕೊಂಡು ಗಂಟು ಮತ್ತೆ ಕಟ್ಟಲು ಸುರು ಮಾಡಿದಳು. ಈ ಸಲ ವಿಳಾಸವನ್ನು ಒಳಗೆ ಇಡಲೇ ಇಲ್ಲ. ಎಲ್ಲಿ ಹುಡುಕಬೇಕು ಎನ್ನುವುದನ್ನು ಮುಕಾದಮನಿಗೆ ಹೇಳಿಟ್ಟಳು, ಅವನು ಎಬ್ಬಿಸುವಾಗ ಕೈಗೆ ಕೊಡುತ್ತಾನಂತೆ. ಹೊಸ ನಕಲನ್ನು ಅಲ್ಲಿಯ ಡಿಸ್ಕಿನಲ್ಲಿ ಕೂಡಿಸಿದಳು. ಹೊಸ ಗಂಟು ಕಳಿಸಿದಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಹಸಿರು ಚುಕ್ಕೆ ಹತ್ತಿತು.

"ಮುಗೀತು?" ಎಂದ ಮಿಸ್ತ್ರಿ.

"ಹೋದ ವಾರಾನೂ ಹಸರ ಚುಕ್ಕಿ ಹತ್ತಿತ್ತು ಕಾಕಾ," ಎಂದಳು ಸೊಸೆ.

ನನಗೆ ಅರ್ಥವಾಯಿತು. ಗೋಡೆಯ ಹತ್ತಿರ ಹೋಗಿ ವಯರು ಕೈಯಲ್ಲಿ ಹಿಡಿದೆ. "ಕೀಳಲಿ?"

ಮತ್ತೆ ಕಿತ್ತರೆ ಆ ಡಿಸ್ಕು ಇನ್ನೊಮ್ಮೆ ಏಳುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ. ಕೀಳದಿದ್ದರೆ ಹೊಸದು ತನ್ನ ಕಾಲ ಮೇಲೆ ನಿಂತಿದೆಯೋ, ಇಲ್ಲ ಹಳೆಯದರ ಹೆಗಲ ಮೇಲೋ ತಿಳಿಯುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ನಕಲು ಇಟ್ಟುಕೊಂಡಳು. ಎರಡು ಸಲ ತೆರೆದು ನೋಡಿದಳು.

"ಕೀಳ್ರಿ ಅತ್ಯಾರ."

ಕಿತ್ತೆ. ಫ್ಯಾನು ನಿಂತಿತು, ಟಕ್ ನಿಂತಿತು. ಸೊಸೆ ಪರದೆ ನೋಡುತ್ತಿದ್ದಳು, ಉಳಿದವರೆಲ್ಲ ಸೊಸೆಯನ್ನು ನೋಡುತ್ತಿದ್ದೆವು. ಮುಕಾದಮ್ ಬಂದು ಕೇಳುವ ಹೊತ್ತು ಕಳೆಯಿತು. ಇನ್ನೊಮ್ಮೆ ಕೇಳುವ ಹೊತ್ತೂ ಕಳೆಯಿತು. ಚುಕ್ಕೆ ಹಸಿರಾಗಿಯೇ ಇತ್ತು. ಆಗ ಆ ಸೀಳಿದ ಡ್ರಮ್ಮಿನ ನಂಬರು ಒತ್ತಿದಳು. ಹೀಟು ಬಂತು. ಹೀಟು ಒತ್ತಿದಳು, ಅದರ ಡ್ರಮ್ಮುಗಳು ಒಂದರ ಕೆಳಗೊಂದು ಬಂದವು.

ಸಾಹೇಬನಿಗೆ ಫೋನು ಹಚ್ಚಿದೆವು. ಅವನಿಗೂ ಅಲ್ಲಿ ಕಾಣುತ್ತಿತ್ತು. ಮಾತು ಮೆತ್ತಗಾಗಿತ್ತು. ಹೆಚ್ಚಿನವು ಇನ್ನೂ ಅವರ ಗೋದಾಮಿನಲ್ಲೇ ಇವೆ, ಹೋದವುಗಳಿಗೆ ಈಗಲೇ ಹೇಳಿ ನಿಲ್ಲಿಸುತ್ತೇನೆ ಎಂದ. ಆರ್ಡರಿನ ಮಾತು ನಾನು ಎತ್ತಲಿಲ್ಲ. ಒಂದು ಡ್ರಮ್ಮು ಸೀಳಿದ ಮೇಲೆ ಅದನ್ನು ಕೇಳುವ ಮುಖ ನಮಗಿರಲಿಲ್ಲ. ಅವನೇ ಫೋನು ಇಡುವ ಮೊದಲು, "ಹಿಂಗ ಹುಡುಕಿ ಕೊಡಾವ್ರ ಹತ್ರ ನಾವು ಮಾಲು ತಗೋತೇವಿ, ಆದ್ರ ಆ ಹೀಟ್ ಯಾಕ ಕೆಟ್ಟಿತು ಅಂತ ನನಗ ಹೇಳಬೇಕು," ಎಂದ. ಮಿಸ್ತ್ರಿ ನೆಲ ನೋಡಿದ.

ಒಂದು ಡ್ರಮ್ಮು ಮಾತ್ರ ಕಂಪನಿಗೆ ಹೋಗಿರಲಿಲ್ಲ. ನಮ್ಮ ಬಾಗಿಲಿಗೇ ಬಂದು ಒಯ್ದಿದ್ದ ನಂದಗಡದ ಟ್ರ್ಯಾಕ್ಟರಿನವನ ಹತ್ತಿರ ಇತ್ತು. ಅವನ ಫೋನು ನಂಬರೂ ಅದರಲ್ಲೇ ಇತ್ತು. ಸೊಸೆ ಹಚ್ಚಿದಳು, ಬಂದ್. ಸಂಜೆಯವರೆಗೂ ಹಚ್ಚಿದಳು, ಬಂದ್. ನಾನು ಖಾನಾಪುರದ ಬಸ್ಸು ಹತ್ತುವಾಗಲೂ ಬಸ್ ಸ್ಟಾಪಿನಲ್ಲಿ ನಿಂತು ಹಚ್ಚುತ್ತಿದ್ದಳು.

"ಅವ ನಾಳೆ ಮುಹೂರ್ತಕ್ಕ ಹೇರತಾನೇನೋ ಅತ್ಯಾರ."

"ನೋಡೂಣು," ಎಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಂದಗಡಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಟ್ರ್ಯಾಕ್ಟರು ಬಾಗಿಲಲ್ಲೇ ಇತ್ತು. ಟ್ರೇಲರಿಗೆ ಬಾಳೆಕಂಬ ಕಟ್ಟಿ, ಕಬ್ಬು ಅರ್ಧ ಹೇರಿದ್ದರು. ಆ ಮನುಷ್ಯ ಹೊಸ ಅಂಗಿ ಹಾಕಿಕೊಂಡು ಹಗ್ಗ ಬಿಗಿಯುತ್ತಿದ್ದ. ಗಾಲಿ ಬಿಚ್ಚು ಎಂದೆ.

"ಹಬ್ಬದ ದಿನ ಬಂದು ಗಾಲಿ ಬಿಚ್ಚು ಅಂತೀರಲ್ಲ, ಯಾರ್ರಿ ನೀವು?"

"ಅದನ್ನ ಮಾಡಿ ನಿನಗ ಮಾರಿದಾಕಿ. ಅದರ ಅಣ್ಣತಮ್ಮ ಒಂದು ನಿನ್ನೆ ಸೀಳಿ ಗಾಲಿ ಹಾರೇತಿ."

"ಇದು ಗಟ್ಟಿ ಐತ್ರಿ ಅಜ್ಜಿ, ನೋಡ್ರಿಲ್ಲಿ," ಎಂದು ಗಾಲಿಗೆ ಒದ್ದ. "ಒಂದ್ ಹೇರು ಹಾಕಿ ಬರ್ತೇನಿ, ಆಮ್ಯಾಲ ಬಿಚ್ಚೂಣು. ಮುಹೂರ್ತ ಮೀರತೈತಿ."

ಟ್ರೇಲರಿನ ಮುಂದಿನ ಕೊಂಡಿಯ ಮೇಲೆ ಹೋಗಿ ಕುಳಿತೆ. ಚಾಲೂ ಮಾಡು, ಹೋಗು ಎಂದೆ. ಓಣಿಯವರು ಸೇರಿದರು. ಅವನ ತಾಯಿ ಬಂದು ಬೈದಳು, ನಾನೂ ಬೈದೆ, ಆಮೇಲೆ ಅವಳೇ ಚಹಾ ತಂದುಕೊಟ್ಟಳು. ಕುಡಿದು ಅಲ್ಲೇ ಕುಳಿತಿದ್ದೆ. ಬಿಸಿಲು ಏರಿದ ಮೇಲೆ ಅವನು ಕಬ್ಬು ಇಳಿಸಿ, ಜಾಕು ಕೊಟ್ಟು, ಗಾಲಿ ಬಿಚ್ಚಿ ಡ್ರಮ್ಮು ತೆಗೆದ. ಸಂಜೆಯೊಳಗೆ ಹೊಸದು ಕಳಿಸುತ್ತೇನೆ ಎಂದು ಹೇಳಿದೆ, ಸೊಸೆಗೂ ಫೋನಿನಲ್ಲಿ ಹೇಳಿಸಿದೆ. ಡ್ರಮ್ಮನ್ನು ಗೋಣಿಚೀಲಕ್ಕೆ ಹಾಕಿಸಿ ಅವನ ಕೈಯಲ್ಲೇ ಬಸ್ಸಿಗೆ ಎತ್ತಿಸಿದೆ. ಹೆಂಗಸರಿಗೆ ಈಗ ಬಸ್ಸು ಪುಕಟ್ಟೆ. ಕಂಡಕ್ಟರು ಚೀಲಕ್ಕೆ ಟಿಕೆಟು ಕೇಳಿದ. ಟಿಕೆಟು ತೆಗೆದುಕೊಂಡು ಚೀಲದ ಮೇಲೆ ಕಾಲಿಟ್ಟು ಕುಳಿತೆ.